ಯಾರ ಪಕ್ಕ ಯಾರು?

ವಯಸ್ಕರ ತರಗತಿಯೊಂದರ ಫಲಾಫಲವು ಪಠ್ಯಪುಸ್ತಕವನ್ನೂ ಬೋಧಕರನ್ನೂ ಅವಲಂಬಿಸಿರುವಷ್ಟೇ, ಕಲಿಯಲು ಬಂದವರು ಯಾರ ಪಕ್ಕದಲ್ಲಿ ಕೂರುತ್ತಾರೆ, ಯಾರ ಜೊತೆಗೂಡಿ ಓದುತ್ತಾರೆ, ಯಾರ ಕಣ್ಣೆದುರಿಗೆ ತಪ್ಪು ಬರೆಯುತ್ತಾರೆ ಎಂಬುದನ್ನೂ ಅವಲಂಬಿಸಿರುತ್ತದೆ. ಮಕ್ಕಳ ಶಾಲೆಯಲ್ಲಿ ವಯಸ್ಸು, ಎತ್ತರ, ಹಾಜರಿ ಪುಸ್ತಕದ ಅನುಕ್ರಮ ಇವು ಹೇಗೋ ಈ ಪ್ರಶ್ನೆಯನ್ನು ತೀರ್ಮಾನಿಸಿಬಿಡುತ್ತವೆ. ಆದರೆ ನಲವತ್ತು-ಐವತ್ತು ವರ್ಷ ಬದುಕಿ ಬಂದವರು ತರಗತಿಯ ಹೊಸಿಲು ದಾಟುವಾಗ ತಮ್ಮ ಕೇರಿ, ಕಸುಬು, ನಂಟಸ್ತನ, ಕೈಸಾಲದ ಲೆಕ್ಕ, ಹಳೆಯ ಬದುವಿನ ಜಗಳ ಎಲ್ಲವನ್ನೂ ಜೊತೆಯಲ್ಲೇ ತರುತ್ತಾರೆ, ಆದ್ದರಿಂದ ಯಾವ ಸೂಚನೆಯೂ ಇಲ್ಲದೆ ಕೂರಲು ಬಿಟ್ಟರೆ ಊರಿನ ನಕ್ಷೆಯೇ ಚಾಪೆಯ ಮೇಲೆ ಇಳಿದುಬಿಡುತ್ತದೆ. ಭಿನ್ನ ಹಿನ್ನೆಲೆಯ ಕಲಿಕಾರ್ಥಿಗಳನ್ನು ಸಣ್ಣ ಸಣ್ಣ ತಂಡಗಳಲ್ಲಿ ಬೆರೆಸಿ ಕೂರಿಸುವ ಕ್ರಮವನ್ನು ಶಿಕ್ಷಣಶಾಸ್ತ್ರದಲ್ಲಿ ಮಿಶ್ರ ಗುಂಪು ರಚನೆ ಎನ್ನಬಹುದು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ತಾಲ್ಲೂಕುಗಳ ಸಮಾಜ ಮತ್ತು ದುಡಿಮೆಯನ್ನು ಎದುರಿಗಿಟ್ಟುಕೊಂಡು ಈ ಕ್ರಮವನ್ನು ಪರಿಶೀಲಿಸಿದರೆ ಅದರ ಸಾಧ್ಯತೆಗಳೂ ಅದರೊಳಗಿನ ಅಪಾಯಗಳೂ ಸ್ಪಷ್ಟವಾಗುತ್ತವೆ.

2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಸೀಮೆಯಲ್ಲಿ, 2011ರ ಜನಗಣತಿಯ ಹೊತ್ತಿಗೆ ಸಾಕ್ಷರತೆಯು ಶೇ 69ರ ಆಸುಪಾಸಿನಲ್ಲಿತ್ತು. ರಾಜ್ಯದ ಸರಾಸರಿ ಆಗಲೇ ಶೇ 75ನ್ನು ದಾಟಿತ್ತು. ರಾಜಧಾನಿಯ ಮಗ್ಗುಲಲ್ಲೇ ಇದ್ದರೂ, ಎಸ್. ಕರಿಯಪ್ಪನವರಂತಹ ಸ್ವಾತಂತ್ರ್ಯ ಹೋರಾಟಗಾರರು ಕನಕಪುರದಲ್ಲಿ ರೂರಲ್ ಎಜುಕೇಷನ್ ಸೊಸೈಟಿಯನ್ನು ಕಟ್ಟಿ ಹಳ್ಳಿಯ ಮಕ್ಕಳಿಗೆ ವಿದ್ಯೆಯ ದಾರಿ ತೆರೆದಿದ್ದರೂ, ಹಿಂದಿನ ತಲೆಮಾರಿನ ಬಹಳಷ್ಟು ಮಂದಿ, ಅವರಲ್ಲೂ ಹೆಂಗಸರು, ಅಕ್ಷರದ ಆಚೆಗೇ ಉಳಿದರು. ಹಾಗೆ ಉಳಿದವರು ಒಂದೇ ಬಗೆಯ ಜನರಲ್ಲ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಹುಳು ಮೇಯಿಸುವ ಒಕ್ಕಲು ಮನೆಗಳವರು, ಪರಿಶಿಷ್ಟ ಜಾತಿಯ ಕಾಲೊನಿಗಳ ಕೂಲಿಕಾರರು, ಕಾಡಂಚಿನ ಇರುಳಿಗರು, ತಾಂಡಾಗಳ ಲಂಬಾಣಿಗರು, ರಾಮನಗರ ಮತ್ತು ಚನ್ನಪಟ್ಟಣದಲ್ಲಿ ನೂಲು ಬಿಚ್ಚುವ ಕೆಲಸದಲ್ಲಿರುವ ಉರ್ದು ಮನೆಮಾತಿನವರು, ಬಿಡದಿ ಮತ್ತು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳಿಗೆ ಹೊರರಾಜ್ಯಗಳಿಂದ ಬಂದ ಕಾರ್ಮಿಕರು, ಹೀಗೆ ಈ ಪಟ್ಟಿ ಉದ್ದವಾಗಿದೆ. ದೊಡ್ಡಿ ಎಂದು ಕರೆಯಲಾಗುವ, ಹತ್ತಿಪ್ಪತ್ತು ಮನೆಗಳ ಬಿಡಿ ಬಿಡಿ ಜನವಸತಿಗಳು ಹರಡಿಕೊಂಡಿರುವ ಈ ನೆಲದಲ್ಲಿ ಒಂದೇ ಗ್ರಾಮ ಪಂಚಾಯಿತಿಯೊಳಗೆ ಇವರಲ್ಲಿ ಮೂರು ನಾಲ್ಕು ಬಗೆಯವರು ಇರುವುದು ಅಪರೂಪವೇನಲ್ಲ.

ಇಂತಹ ವೈವಿಧ್ಯವನ್ನು ಸಾಕ್ಷರತಾ ಕಾರ್ಯಕ್ರಮಗಳು ಹೇಗೆ ನಿಭಾಯಿಸಿದವು ಎಂಬುದನ್ನು ತಿಳಿಯಲು ಅವುಗಳ ರಚನೆಯನ್ನೇ ನೋಡಬೇಕು. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಒಬ್ಬ ಬೋಧಕರ ಕೇಂದ್ರಕ್ಕೆ ಸುಮಾರು 30 ಕಲಿಕಾರ್ಥಿಗಳು ಎಂಬ ಅಳತೆಯಿತ್ತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಗಿ, 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿಕೊಂಡ ಮೇಲೆ, ಅದರ ಮಾದರಿಯಲ್ಲಿ ನಡೆದ ಸಂಪೂರ್ಣ ಸಾಕ್ಷರತಾ ಆಂದೋಲನಗಳಲ್ಲಿ ಈ ಅಳತೆ ಒಬ್ಬ ಸ್ವಯಂಸೇವಕರಿಗೆ 10 ಮಂದಿ ಎಂಬಲ್ಲಿಗೆ ಇಳಿಯಿತು. ಸಂಬಳವಿಲ್ಲದ ಸ್ವಯಂಸೇವಕರು ತಮ್ಮ ಮನೆಯ ಆಸುಪಾಸಿನ ಹತ್ತು ಮಂದಿಯನ್ನೇ ಸೇರಿಸಿಕೊಳ್ಳುವುದು ಸಹಜವಾಗಿತ್ತು, ಅದರಿಂದ ಕಲಿಕೆ ಮನೆಬಾಗಿಲಿಗೆ ಬಂದದ್ದೂ ನಿಜ. ಆದರೆ ಹಳೆಯ ಮೈಸೂರು ಸೀಮೆಯ ಹಳ್ಳಿಯಲ್ಲಿ ಆಸುಪಾಸು ಎಂದರೆ ಕೇರಿ, ಕೇರಿ ಎಂದರೆ ಜಾತಿ ಆಗಿರುವುದರಿಂದ, ಹತ್ತು ಮಂದಿಯ ಆ ಗುಂಪು ತಾನೇ ತಾನಾಗಿ ಒಂದೇ ಜಾತಿಯ ಗುಂಪಾಗುವ ಸಂಭವವೇ ಹೆಚ್ಚಾಗಿತ್ತು. ಇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಎಲ್ಲಿಗೆ ನಡೆದುಹೋಗಲು ಸುಲಭವೋ ಅಲ್ಲಿ ಕಲಿಕೆ ನಡೆಯಲಿ ಎಂಬ ಒಳ್ಳೆಯ ವಿಚಾರವೇ ಕೇರಿಯ ಗಡಿಯನ್ನು ತರಗತಿಯ ಗಡಿಯನ್ನಾಗಿ ಮಾಡಿತು.

ಒಂದೇ ಬಗೆಯವರ ಗುಂಪಿಗೂ ಗಟ್ಟಿಯಾದ ಸಮರ್ಥನೆಯಿದೆ, ಅದು ಕರ್ನಾಟಕದಲ್ಲೇ ರೂಪುಗೊಂಡದ್ದು. 1968ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆಯು 1980ರ ದಶಕದಲ್ಲಿ ಬಡವರ ಉಳಿತಾಯ ಸಂಘಗಳನ್ನು ಕಟ್ಟುವಾಗ, ಪರಸ್ಪರ ನಂಬಿಕೆಯುಳ್ಳ, ಮೊದಲೇ ಒಬ್ಬರಿಗೊಬ್ಬರು ಒದಗುತ್ತಿದ್ದ ಜನ ತಾವಾಗಿಯೇ ಆರಿಸಿಕೊಂಡು ಸೇರಬೇಕು ಎಂಬ ತತ್ವವನ್ನು ಒತ್ತಿ ಹೇಳಿತು. ಇದನ್ನು ಆಪ್ತತೆಯ ತತ್ವ ಎನ್ನಬಹುದು. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಕೈಗೊಂಡದ್ದಕ್ಕೂ, 2000ದ ಸುಮಾರಿಗೆ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಊರೂರಿಗೆ ಹಬ್ಬಿದ್ದಕ್ಕೂ ಇಂತಹ ಅನುಭವಗಳೇ ಹಿನ್ನೆಲೆಯಾಗಿದ್ದವು. ಸಾಲ ಮರುಪಾವತಿ ನಂಬಿಕೆಯ ಮೇಲೆ ನಿಂತಿರುವುದರಿಂದ ಸಂಘಕ್ಕೆ ಆಪ್ತತೆ ಬೇಕು ಎಂಬ ಮಾತು ಸರಿ. ಆದರೆ ಸಂಘದ ಸಭೆಯೇ ಮುಂದೆ ಅಕ್ಷರದ ತರಗತಿಯೂ ಆದಾಗ, ಉಳಿತಾಯಕ್ಕಾಗಿ ಹುಟ್ಟಿದ ಆಪ್ತತೆಯ ನಿಯಮವು ಕಲಿಕೆಗೂ ಯಾರೂ ಪ್ರಶ್ನಿಸದಂತೆ ಅನ್ವಯವಾಗಿಬಿಡುತ್ತದೆ. ಸಾಲಕ್ಕೆ ಜಾಮೀನಾಗುವ ನೆರೆಯವಳು ಬೇರೆ, ಗೊತ್ತಿಲ್ಲದ ವಿಷಯವನ್ನು ಹೇಳಿಕೊಡಬಲ್ಲವಳು ಬೇರೆ. ಎರಡನೆಯವಳು ಬಹುಪಾಲು ಮತ್ತೊಂದು ಬೀದಿಯಲ್ಲಿ, ಮತ್ತೊಂದು ಕಸುಬಿನಲ್ಲಿ ಇರುತ್ತಾಳೆ.

ಭಿನ್ನರನ್ನು ಬೆರೆಸಿದ ಮಾತ್ರಕ್ಕೆ ಒಳಿತಾಗುತ್ತದೆ ಎಂದು ತಿಳಿಯುವುದೂ ತಪ್ಪು. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಪ್ರಕಟಿಸಿದ ಪೂರ್ವಗ್ರಹದ ಸ್ವರೂಪ ಕುರಿತ ಗ್ರಂಥದಲ್ಲಿ, ಎರಡು ಸಮುದಾಯಗಳ ನಡುವಿನ ಸಂಪರ್ಕವು ಪೂರ್ವಗ್ರಹವನ್ನು ಕಡಿಮೆ ಮಾಡಬೇಕಾದರೆ ಆ ಸಂಪರ್ಕದ ಹೊತ್ತಿನಲ್ಲಿ ಇಬ್ಬರಿಗೂ ಸಮಾನ ಸ್ಥಾನ, ಇಬ್ಬರದೂ ಆದ ಒಂದು ಗುರಿ, ಆ ಗುರಿಗಾಗಿ ಸಹಕಾರ, ಅದಕ್ಕೆ ಅಧಿಕಾರಸ್ಥರ ಬೆಂಬಲ ಇರಬೇಕು ಎಂದು ವಾದಿಸಿದರು. ಈ ನಾಲ್ಕರಲ್ಲಿ ಸಮಾನ ಸ್ಥಾನವೆಂಬುದು ಕನ್ನಡ ಹಳ್ಳಿಯ ತರಗತಿಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು, ಏಕೆಂದರೆ ಕನ್ನಡದಲ್ಲಿ ಬಾಯಿ ತೆರೆದೊಡನೆ ಸ್ಥಾನದ ತೀರ್ಮಾನ ಆಗಿಹೋಗುತ್ತದೆ. ಅರವತ್ತು ದಾಟಿದ ಕೂಲಿಕಾರನನ್ನು ಅವನ ಮಗನ ಪ್ರಾಯದ ಜಮೀನಿನೊಡೆಯ ಏಕವಚನದಲ್ಲಿ ಕರೆಯುವ, ಆ ಹಿರಿಯನು ಮರಳಿ ಬಹುವಚನದಲ್ಲೇ ಉತ್ತರಿಸುವ ರೂಢಿ ಇನ್ನೂ ಪೂರ್ತಿ ಅಳಿಯದ ಕಡೆ, ಅವರಿಬ್ಬರನ್ನು ಒಂದೇ ಗುಂಪಿಗೆ ಹಾಕಿ ಒಂದೇ ಪದವನ್ನು ಬಿಡಿಸಿ ಓದಿರೆಂದರೆ ಅಲ್ಲಿ ನಡೆಯುವುದು ಹಳೆಯ ಸಂಬಂಧದ ಪುನರಾವರ್ತನೆಯೇ ಹೊರತು ಹೊಸ ಕಲಿಕೆಯಲ್ಲ. ಆದ್ದರಿಂದ ಮೊದಲ ದಿನವೇ ಬೋಧಕರು ಎಲ್ಲರನ್ನೂ ಅಕ್ಕ, ಅಣ್ಣ, ಅವ್ವ, ಅಪ್ಪ ಎಂದು ಕರೆಯುವುದೂ, ಕಲಿಕಾರ್ಥಿಗಳು ಪರಸ್ಪರ ಹೋಗಿ-ಬನ್ನಿ ಎಂದೇ ಮಾತನಾಡುವಂತೆ ರೂಢಿಸುವುದೂ ಮಿಶ್ರ ಗುಂಪಿನ ಮೊದಲ ಪಾಠವೆನ್ನಬೇಕು. ವರ್ಣಮಾಲೆಗಿಂತ ಮುಂಚೆ ಬರಬೇಕಾದ ಈ ಪಾಠಕ್ಕೆ ಒಂದು ವಾರ ಹಿಡಿದರೂ ಆ ವಾರ ವ್ಯರ್ಥವಲ್ಲ.

ಜಾಗದ ಆಯ್ಕೆಯೂ ಇದೇ ವಿಷಯಕ್ಕೆ ಸೇರಿದ್ದು. ದೇವಸ್ಥಾನದ ಜಗಲಿ ತಂಪಾಗಿರಬಹುದು, ಪ್ರಮುಖರೊಬ್ಬರ ಮನೆಯ ಪಡಸಾಲೆಯಲ್ಲಿ ಒಳ್ಳೆಯ ಬೆಳಕಿರಬಹುದು. ಆದರೆ ಅಲ್ಲಿಗೆ ಬರಲು ಯಾರು ಹಿಂಜರಿಯುತ್ತಾರೆ, ಬಂದರೂ ಯಾರು ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ ಎಂಬುದನ್ನು ನೋಡಿದರೆ, ಸರ್ಕಾರಿ ಶಾಲೆಯ ಕೋಣೆ, ಅಂಗನವಾಡಿ ಅಥವಾ ಪಂಚಾಯಿತಿಯ ಕಟ್ಟಡವೇ ಮೇಲು. 2009ರ ಸೆಪ್ಟೆಂಬರ್ 8ರಂದು ಆರಂಭವಾದ ಸಾಕ್ಷರ ಭಾರತ ಕಾರ್ಯಕ್ರಮವು ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ ಮತ್ತು ಅದನ್ನು ನಡೆಸಲು ಪ್ರೇರಕರು ಎಂಬ ವ್ಯವಸ್ಥೆಯನ್ನು ತಂದದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆಯಾಗಿತ್ತು, ಏಕೆಂದರೆ ಪಂಚಾಯಿತಿಯ ಕಟ್ಟಡ ಯಾವ ಕೇರಿಯ ಸ್ವತ್ತೂ ಅಲ್ಲ.

ಗುಂಪು ಬೆರೆಸುವಾಗ ಯಾವ ಭೇದವನ್ನು ಆಧಾರವಾಗಿಟ್ಟುಕೊಳ್ಳಬೇಕು ಎಂಬುದು ಇದಕ್ಕಿಂತಲೂ ತೊಡಕಿನ ಪ್ರಶ್ನೆ. ಅಲ್ಪಸ್ವಲ್ಪ ಓದು ಬಲ್ಲವರೊಬ್ಬರನ್ನು ಏನೂ ಬಾರದ ನಾಲ್ವರ ಜೊತೆ ಕೂರಿಸುವುದು ಸಾಮಾನ್ಯವಾಗಿ ಹೊಳೆಯುವ ಉಪಾಯ. ಸಂಖ್ಯೆಯ ದೃಷ್ಟಿಯಿಂದ ಅದು ಸುಲಭವೂ ಹೌದು. ಆದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಕೊಹೆನ್ ಗುಂಪುಕೆಲಸದ ಕುರಿತ ತಮ್ಮ ದೀರ್ಘ ಅಧ್ಯಯನದಿಂದ ತೋರಿಸಿಕೊಟ್ಟಂತೆ, ಗುಂಪಿನೊಳಗೆ ಯಾರು ಬಲ್ಲವರೆಂದು ಮೊದಲೇ ಭಾವಿಸಲಾಗಿದೆಯೋ ಅವರೇ ಹೆಚ್ಚು ಮಾತನಾಡುತ್ತಾರೆ, ಹೆಚ್ಚು ಮಾತನಾಡಿದವರೇ ಹೆಚ್ಚು ಕಲಿಯುತ್ತಾರೆ, ಸುಮ್ಮನಿದ್ದವರು ಸುಮ್ಮನೇ ಉಳಿಯುತ್ತಾರೆ. ಅಕ್ಷರಜ್ಞಾನವೊಂದನ್ನೇ ಅಳತೆಗೋಲಾಗಿಸಿ ಗುಂಪು ಮಾಡಿದರೆ, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು ಸಣ್ಣ ಮೇಷ್ಟ್ರಾಗುತ್ತಾನೆ, ಉಳಿದವರು ಅವನು ಹೇಳಿದ್ದನ್ನು ನಕಲು ಮಾಡುತ್ತಾರೆ. ನಾಲ್ಕನೆಯ ತರಗತಿಯವರೆಗಾದರೂ ಓದುವ ಅವಕಾಶ ಯಾವ ಕೇರಿಗೆ, ಗಂಡಿಗೋ ಹೆಣ್ಣಿಗೋ ಸಿಕ್ಕಿತ್ತೆಂಬುದನ್ನು ನೆನೆದರೆ ಈ ಕ್ರಮದ ಅನ್ಯಾಯ ಮತ್ತಷ್ಟು ಗೊತ್ತಾಗುತ್ತದೆ.

ಇದಕ್ಕೆ ಪ್ರತಿಯಾದ ಒಂದು ವಿಚಾರ ಕನ್ನಡ ರೈತಾಪಿ ಬದುಕಿನಲ್ಲೇ ಇದೆ. ಮುಯ್ಯಾಳು ಎಂದರೆ ಒಬ್ಬರ ಹೊಲದ ಕೆಲಸಕ್ಕೆ ಮತ್ತೊಬ್ಬರು ಹೋಗಿ, ಕೂಲಿಯ ಬದಲು ಅವರಿಂದ ಅಷ್ಟೇ ದಿನದ ದುಡಿಮೆಯನ್ನು ಮರಳಿ ಪಡೆಯುವ ಪದ್ಧತಿ. ನಾಟಿ, ಕಳೆ, ಕುಯಿಲುಗಳ ಕಾಲದಲ್ಲಿ ಹಣವಿಲ್ಲದ ಮನೆಗಳನ್ನು ಅದು ನಡೆಸಿಕೊಂಡು ಬಂದಿದೆ. ಆದರೆ ಮುಯ್ಯಿಗೆ ಒಂದು ಷರತ್ತಿದೆ: ತನ್ನದೆನ್ನುವ ಹೊಲವಿದ್ದವನಿಗೆ ಮಾತ್ರ ಮುಯ್ಯಿ ಹಿಂತಿರುಗಿ ಬರುತ್ತದೆ, ಹೊಲವಿಲ್ಲದವನು ಕೂಲಿಯಾಳಾಗಿಯೇ ಉಳಿಯುತ್ತಾನೆ. ಕಲಿಕೆಯ ಗುಂಪನ್ನು ಮುಯ್ಯಾಳಿನ ತಂಡದಂತೆ ಕಟ್ಟಬೇಕಾದರೆ ಅದರ ಪ್ರತಿ ಸದಸ್ಯರಿಗೂ ಒಂದು ಹೊಲವಿರಬೇಕು, ಅಂದರೆ ಉಳಿದವರಿಗೆ ಬೇಕಾದ, ಅವರಲ್ಲಿಲ್ಲದ ಯಾವುದೋ ಒಂದು ತಿಳಿವಳಿಕೆ ಅವರಲ್ಲಿರಬೇಕು, ಮತ್ತು ಪಾಠವನ್ನು ಆ ತಿಳಿವಳಿಕೆ ಇಲ್ಲದೆ ಮುಗಿಸಲಾಗದಂತೆ ಹೆಣೆದಿರಬೇಕು. ಸಾಮಾಜಿಕ ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ, ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಟ್ಟಿಗೆ ಕೂತು ತರಗತಿಗಳಲ್ಲಿ ಕಲಹ ಹೆಚ್ಚಿದ್ದಾಗ ರೂಪಿಸಿದ ಜಿಗ್ಸಾ ವಿಧಾನದ ತಿರುಳೂ ಇದೇ: ಪಾಠವನ್ನು ತುಂಡುಗಳಾಗಿ ವಿಂಗಡಿಸಿ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡನ್ನು ಒಪ್ಪಿಸಿದಾಗ, ಪಕ್ಕದ ಮಗುವಿನ ಮಾತನ್ನು ಗಮನವಿಟ್ಟು ಕೇಳದೆ ಯಾರಿಗೂ ಪಾಠ ಪೂರ್ಣವಾಗುತ್ತಿರಲಿಲ್ಲ. ಮಕ್ಕಳ ತರಗತಿಯಲ್ಲಿ ಈ ತುಂಡುಗಳನ್ನು ಶಿಕ್ಷಕರೇ ಕತ್ತರಿಸಿ ಹಂಚಬೇಕಾಯಿತು. ವಯಸ್ಕರ ವಿಷಯದಲ್ಲಿ ಬದುಕು ಅವುಗಳನ್ನು ಆಗಲೇ ಹಂಚಿಟ್ಟಿರುತ್ತದೆ.

ರೇಷ್ಮೆಯ ಉದಾಹರಣೆಯಿಂದ ಇದನ್ನು ವಿಸ್ತಾರವಾಗಿ ನೋಡಬಹುದು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯು ಬಹುತೇಕ ಹಳ್ಳಿಗಳ ಒಕ್ಕಲು ಮಕ್ಕಳಾದ ಬೆಳೆಗಾರರೂ ಬಹುತೇಕ ಪಟ್ಟಣದ ಮುಸ್ಲಿಮರಾದ ನೂಲು ಬಿಚ್ಚಾಣಿಕೆದಾರರೂ ದಿನವೂ ಮುಖಾಮುಖಿಯಾಗುವ ಜಾಗ. ಹುಳು ಯಾವ ಜ್ವರದಲ್ಲಿದೆ, ಸೊಪ್ಪು ಎಳತೋ ಬಲಿತದ್ದೋ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ಹೊತ್ತು ಯಾವುದು ಎಂಬುದನ್ನು ಮೊದಲನೆಯವರು ಬಲ್ಲರು (ಜ್ವರವೆಂದರೆ ಇಲ್ಲಿ ಹುಳು ಮೇವು ಬಿಟ್ಟು, ಪೊರೆ ಕಳಚುವ ಹಂತ). ಅದೇ ಗೂಡನ್ನು ಬಿಸಿನೀರಿಗೆ ಹಾಕಿದ ಮೇಲೆ ಎಳೆ ಎಷ್ಟು ದೂರ ತುಂಡಾಗದೆ ಬರುತ್ತದೆ ಎಂಬುದನ್ನು ಎರಡನೆಯವರು ಬಲ್ಲರು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕಕ್ಕೆ ಈ ಉದ್ಯಮದಲ್ಲಿ ರೆಂಡಿಟ್ಟಾ ಎನ್ನುತ್ತಾರೆ. ರೆಂಡಿಟ್ಟಾ 8 ಇದ್ದರೆ 100 ಕಿಲೋ ಗೂಡಿನಿಂದ 12.5 ಕಿಲೋ ನೂಲು, 7ಕ್ಕೆ ಇಳಿದರೆ 14 ಕಿಲೋಗಿಂತ ತುಸು ಹೆಚ್ಚು. ಬೆಳೆಗಾರರ ಮನೆಯ ಹೆಂಗಸು ಮತ್ತು ನೂಲು ಬಿಚ್ಚುವ ಮನೆಯ ಹೆಂಗಸು ಒಂದೇ ಗುಂಪಿನಲ್ಲಿ ಕೂತು ಈ ಭಾಗಾಕಾರ ಮಾಡಿದಾಗ, ಗೂಡಿನ ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದರ ಎರಡೂ ಬದಿ ಅವರಿಬ್ಬರಿಗೂ ಕಾಣುತ್ತದೆ. ಹರಾಜಿನ ಹೊತ್ತಿನಲ್ಲಿ ಎದುರಾಳಿಗಳಂತೆ ತೋರುವವರು ಒಂದೇ ಎಳೆಯ ಎರಡು ತುದಿ ಹಿಡಿದವರೆಂದು ಅಂಕಿಗಳೇ ಹೇಳುತ್ತವೆ. ಇಂತಹ ಪಾಠವನ್ನು ಏಕಜಾತಿಯ, ಏಕಕಸುಬಿನ ಗುಂಪಿನಲ್ಲಿ ಎಷ್ಟು ಜಾಣ ಬೋಧಕರಿಗೂ ನಡೆಸಲು ಸಾಧ್ಯವಿಲ್ಲ.

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾಲೊ ಫ್ರೇರಿ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಯುವವರಿಗೆ 40 ಗಂಟೆಗಳಲ್ಲಿ ಓದುಬರಹ ಕಲಿಸುವ ಪ್ರಯೋಗ ನಡೆಸಿದಾಗ, ಜನರ ಬದುಕಿನಿಂದಲೇ ಆಯ್ದ ಕೆಲವು ಪದಗಳನ್ನು ಮಾತುಕತೆಗೂ ಅಕ್ಷರಗಳಿಗೂ ಬೀಜವಾಗಿ ಬಳಸಿದರು. ಗೂಡು ಎಂಬ ಎರಡಕ್ಷರದ ಪದವು ಕನಕಪುರದ ತರಗತಿಯಲ್ಲಿ ಅಂತಹ ಬೀಜಪದವಾಗಬಲ್ಲದು. ಅದರಲ್ಲಿ ಕೊಂಬು ಮತ್ತು ಅದರ ದೀರ್ಘ ಎರಡೂ ಇವೆ. ಸೊಪ್ಪು ಎಂಬ ಮುಂದಿನ ಪದ ಒತ್ತಕ್ಷರವನ್ನು ತರುತ್ತದೆ. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡಿಗೆ ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವವರ ನಡುವೆ ಆ ಪದ ಅರಗು ಆಗಬಹುದು. ಬೀಜಪದವನ್ನು ಯಾರ ಬದುಕಿನಿಂದ ಆಯ್ದುಕೊಳ್ಳಲಾಗಿದೆಯೋ ಅವರೇ ಅಂದಿನ ಗುಂಪಿನಲ್ಲಿ ಬಲ್ಲವರಾಗುತ್ತಾರೆ ಎಂಬ ಕಾರಣದಿಂದ, ಮಿಶ್ರ ಗುಂಪಿನಲ್ಲಿ ಪದಗಳನ್ನು ಸರದಿಯಂತೆ ಬೇರೆ ಬೇರೆ ಕಸುಬುಗಳಿಂದ ಆರಿಸುವುದು ಅಗತ್ಯ. ಕಾಡಿನ ಗೆಡ್ಡೆ, ಜೇನು, ಮದ್ದಿನ ಬೇರುಗಳ ಹೆಸರುಗಳು ಹಲಗೆಯ ಮೇಲೆ ಬಂದ ದಿನ ಇರುಳಿಗರ ಅಜ್ಜಿಯ ಮಾತಿಗಾಗಿ ಇಡೀ ಗುಂಪು ಕಾಯಬೇಕಾಗುತ್ತದೆ.

ಮನೆಮಾತಿನ ಭೇದ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಉರ್ದು ಅಥವಾ ಲಂಬಾಣಿ ಮನೆಮಾತಿನವರು ಕನ್ನಡವನ್ನು ವ್ಯವಹಾರಕ್ಕೆ ಸರಾಗವಾಗಿ ಆಡಬಲ್ಲರಾದರೂ ಅಕ್ಷರ ಕೂಡಿಸುವಾಗ ಪದವನ್ನು ಊಹಿಸುವ ಅನುಕೂಲ ಅವರಿಗೆ ಕಡಿಮೆ, ಆದ್ದರಿಂದ ಅವರ ನಿಧಾನವನ್ನು ಮಂದಬುದ್ಧಿಯೆಂದು ಗುಂಪು ತಪ್ಪು ತಿಳಿಯುವ ಅಪಾಯವಿದೆ. ಒಂದು ಮನೆಮಾತಿನ ಒಬ್ಬರನ್ನೇ ಒಂಟಿಯಾಗಿ ಯಾವ ಗುಂಪಿಗೂ ಹಾಕದೆ ಕನಿಷ್ಠ ಇಬ್ಬರನ್ನು ಜೊತೆಗಿಡುವುದು ಇದಕ್ಕೆ ಪರಿಹಾರ. ಅವರು ತಮ್ಮ ನುಡಿಯಲ್ಲಿ ಪಿಸುಗುಟ್ಟಿ ಅರ್ಥ ಮಾಡಿಕೊಂಡು ಬಳಿಕ ಕನ್ನಡದಲ್ಲಿ ಹೇಳುವುದಕ್ಕೆ ಬೋಧಕರು ಅವಕಾಶ ಕೊಡಬೇಕು, ಅದನ್ನು ಗಲಾಟೆಯೆಂದು ತಡೆಯಬಾರದು. ಒಂಟಿಯಾಗಿಸದಿರುವ ಈ ನಿಯಮ ಜಾತಿಗೂ ಲಿಂಗಕ್ಕೂ ಅಷ್ಟೇ ಅನ್ವಯಿಸುತ್ತದೆ. ನಾಲ್ವರು ಗಂಡಸರ ನಡುವೆ ಒಬ್ಬ ಹೆಂಗಸನ್ನು ಕೂರಿಸಿ ಗುಂಪು ಮಿಶ್ರವಾಯಿತು ಎನ್ನುವುದು ಕಾಗದದ ಮೇಲಿನ ಮಾತು.

ಕೆಲವರಿಗೆ ಮೊದಲು ತಮ್ಮವರ ನಡುವೆಯೇ ಕಲಿಯುವ ಕಾಲಾವಕಾಶ ಬೇಕು ಎಂಬುದನ್ನು ಒಪ್ಪಿಕೊಳ್ಳದ ವೈವಿಧ್ಯವಾದ ಕ್ರೂರವಾಗಬಲ್ಲದು. ಅಮೆರಿಕದ ಟೆನೆಸಿಯಲ್ಲಿ 1932ರಲ್ಲಿ ಆರಂಭವಾದ ಹೈಲ್ಯಾಂಡರ್ ಜಾನಪದ ಶಾಲೆಯು ಜನಾಂಗ ಪ್ರತ್ಯೇಕತೆಯ ಕಾನೂನಿದ್ದ ಕಾಲದಲ್ಲೇ ಬಿಳಿಯರನ್ನೂ ಕರಿಯರನ್ನೂ ಒಂದೇ ಮೇಜಿಗೆ ಕೂರಿಸಿ ಶಿಬಿರ ನಡೆಸಿತು. ಅದೇ ಸಂಸ್ಥೆಯ ನೆರವಿನಿಂದ 1957ರಲ್ಲಿ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ ಮತದಾನದ ಹಕ್ಕಿಗಾಗಿ ಅಕ್ಷರ ಕಲಿಸುವ ಪೌರತ್ವ ಶಾಲೆ ತೆರೆದಾಗ, ಕಲಿಯುವವರೂ ಕಲಿಸುವವರೂ ಕರಿಯರೇ ಆಗಿದ್ದರು. ಅಲ್ಲಿನ ಬೋಧಕಿ ಬರ್ನೀಸ್ ರಾಬಿನ್ಸನ್ ವೃತ್ತಿಯಿಂದ ಶಿಕ್ಷಕಿಯಾಗಿರದೆ ಕೇಶಾಲಂಕಾರದ ಅಂಗಡಿ ನಡೆಸುವವರಾಗಿದ್ದರು ಎಂಬುದು ಆಕಸ್ಮಿಕವಲ್ಲ. ಅಕ್ಷರ ಬಾರದ ಹಿರಿಯರು ಮುಜುಗರವಿಲ್ಲದೆ ಎದುರಿಗೆ ಕೂರಬಹುದಾದ ವ್ಯಕ್ತಿಯನ್ನೇ ಹುಡುಕಲಾಗಿತ್ತು. ಒಂದೇ ಚಳವಳಿ ಒಂದು ಕಡೆ ಬೆರೆಸಿತು, ಮತ್ತೊಂದು ಕಡೆ ಬೇರೆಯಾಗಿಯೇ ಕಲಿಸಿತು. ಕನಕಪುರದ ಕಾಲೊನಿಯ ಹೆಂಗಸರು ತಮ್ಮ ಹೆಸರು ಬರೆಯಲು ಕೈ ಕುದುರುವವರೆಗೆ ತಮ್ಮ ಬೀದಿಯಲ್ಲೇ ಕಲಿತು, ಪೆನ್ನು ಹಿಡಿದ ಬೆರಳಿನ ನಡುಕ ನಿಂತ ಮೇಲೆ ಪಂಚಾಯಿತಿ ಮಟ್ಟದ ಮಿಶ್ರ ತರಗತಿಗೆ ಬರುವಂತೆ ಎರಡು ಹಂತಗಳನ್ನು ಯೋಜಿಸುವುದು ವಿವೇಕ. ಮೊದಲ ಹಂತದಲ್ಲೇ ತರಗತಿ ನಿಂತುಹೋಗದಂತೆ ನೋಡಿಕೊಳ್ಳುವುದು ಮಾತ್ರ ವ್ಯವಸ್ಥೆಯ ಹೊಣೆ.

ಎರಡನೆಯ ಹಂತಕ್ಕೆ ಕರ್ನಾಟಕದಲ್ಲೇ ಒಂದು ಪೂರ್ವಪರಂಪರೆಯಿದೆ. 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಹುಟ್ಟಿಕೊಂಡ ವಯಸ್ಕರ ಶಿಕ್ಷಣ ಸಮಿತಿಯು 1947ರಲ್ಲಿ ನಂಜನಗೂಡಿನಲ್ಲಿ ತನ್ನ ಮೊದಲ ವಿದ್ಯಾಪೀಠವನ್ನು ತೆರೆಯಿತು. ಡೆನ್ಮಾರ್ಕ್‌ನಲ್ಲಿ ಗ್ರುಂಟ್‌ವಿಗ್ ಅವರ ವಿಚಾರಗಳಿಂದ 1844ರಲ್ಲಿ ಆರಂಭವಾದ ಜಾನಪದ ಪ್ರೌಢಶಾಲೆಗಳ ಮಾದರಿಯ ಈ ವಿದ್ಯಾಪೀಠಗಳಲ್ಲಿ ಹಳ್ಳಿಯ ಯುವಕರು ಕೆಲವು ತಿಂಗಳು ಜೊತೆಯಲ್ಲೇ ತಂಗಿ ಬೇಸಾಯವನ್ನೂ ನಾಗರಿಕ ವಿಚಾರಗಳನ್ನೂ ಕಲಿಯುತ್ತಿದ್ದರು. ಒಟ್ಟಿಗೆ ವಾಸಿಸುವಾಗ ಒಂದೇ ಪಂಕ್ತಿಯ ಊಟ ತಪ್ಪುವುದಿಲ್ಲವಾದ್ದರಿಂದ, ಸಂಜೆಯ ಎರಡು ಗಂಟೆಯ ತರಗತಿಗೆ ಎಟುಕದ ಬೆರಕೆ ಅಲ್ಲಿ ಸಾಧ್ಯವಾಗುತ್ತಿತ್ತು. ನೀರಿನ ಲೋಟವೂ ಬುತ್ತಿಯೂ ಪರೀಕ್ಷೆಗೊಳಗಾಗದ ಮಿಶ್ರ ಗುಂಪು ಅರ್ಧ ಮಾತ್ರ ಮಿಶ್ರವಾದದ್ದು.

ಈಗ ನಡೆಯುತ್ತಿರುವ, 2022ರಿಂದ 2027ರವರೆಗಿನ ಅವಧಿಯ ನವಭಾರತ ಸಾಕ್ಷರತಾ ಕಾರ್ಯಕ್ರಮವು, ಅಂದರೆ ಉಲ್ಲಾಸ್, 15 ವರ್ಷ ಮೇಲ್ಪಟ್ಟ ಎಲ್ಲರನ್ನೂ ಒಳಗೊಂಡು ಸ್ವಯಂಸೇವಕರ ಮೂಲಕವೇ ಕಲಿಸುತ್ತದೆ ಮತ್ತು ಕೊನೆಯಲ್ಲಿ ಓದು, ಬರಹ, ಲೆಕ್ಕಗಳಿಗೆ ತಲಾ 50ರಂತೆ 150 ಅಂಕಗಳ ಪರೀಕ್ಷೆ ನಡೆಸುತ್ತದೆ. ಆ ಪರೀಕ್ಷೆಯನ್ನು ಪ್ರತಿಯೊಬ್ಬರೂ ಒಂಟಿಯಾಗಿ ಬರೆಯುತ್ತಾರೆ; ಗುಂಪಾಗಿ ಅವರು ಏನು ಮಾಡಬಲ್ಲರು ಎಂಬುದನ್ನು ಅದು ಕೇಳುವುದಿಲ್ಲ. ಅಂಕಗಳಾಚೆಗಿನ ಆ ಸಾಮರ್ಥ್ಯವನ್ನು ಬೋಧಕರೇ ಗುರುತಿಸಿಕೊಳ್ಳಬೇಕಾಗಿದೆ. ಗುಂಪಿನಲ್ಲಿ ಐದಕ್ಕಿಂತ ಹೆಚ್ಚು ಜನರಿರಬಾರದು, ಏಕೆಂದರೆ ಆರನೆಯವರಿಗೆ ನಡುವೆ ಇಟ್ಟ ಹಾಳೆ ತಲೆಕೆಳಗಾಗಿ ಕಾಣುತ್ತದೆ. ಬರೆಯುವ ಕೆಲಸ, ಗಟ್ಟಿಯಾಗಿ ಓದುವ ಕೆಲಸ, ಲೆಕ್ಕ ಹಾಕುವ ಕೆಲಸ ಪ್ರತಿ ವಾರ ಕೈ ಬದಲಾಗಬೇಕು. ಆದರೆ ಗುಂಪಿನ ಸದಸ್ಯರು ವಾರವಾರವೂ ಬದಲಾಗಬಾರದು; ಪರಿಚಯ ನಂಬಿಕೆಯಾಗಿ ಮಾಗಲು ಒಂದು ಬೆಳೆಯಷ್ಟು ಕಾಲವಾದರೂ ಬೇಕು.

ಬೆಳೆಯೆಂಬ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಮರಿಯೊಡೆದ ಹುಳು ನಾಲ್ಕು ಜ್ವರ ದಾಟಿ ಹಣ್ಣಾಗಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ, ಒಟ್ಟು ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನಾಲ್ಕನೆಯ ಜ್ವರ ಎದ್ದ ಮೇಲೆಯೇ ತಿನ್ನುತ್ತದೆ, ಹಾಗಾಗಿ ಆ ಕೊನೆಯ ವಾರದಲ್ಲಿ ಬೆಳೆಗಾರರ ಮನೆಯವರು ಯಾರೂ ಸಂಜೆಯ ತರಗತಿಗೆ ಬರಲಾರರು. ಹಾಜರಿ ಪುಸ್ತಕದಲ್ಲಿ ಅದನ್ನು ಗೈರುಹಾಜರಿಯೆಂದು ಬರೆಯುವ ಬದಲು, ಹಳೆಯ ಗುಂಪು ಮುಗಿದು ಹೊಸ ಗುಂಪು ಕಟ್ಟುವ ಬಿಡುವೆಂದು ಯೋಜಿಸಿಕೊಳ್ಳಬಹುದು. ಗೂಡು ಮಾರಿ ಮರಳಿದವರ ಕೈಯಲ್ಲಿ ಮಾರುಕಟ್ಟೆಯ ಚೀಟಿಯಿರುತ್ತದೆ, ಅದರಲ್ಲಿ ಲಾಟಿನ ಸಂಖ್ಯೆ, ತೂಕ, ದರ, ಮೊತ್ತ ಮುದ್ರಿತವಾಗಿರುತ್ತವೆ. ಒಕ್ಕಲು ಮನೆಯವರ ಆ ಚೀಟಿಯನ್ನು ನಡುವೆ ಹರಡಿಕೊಂಡು, ಕಾಲೊನಿಯಿಂದ ಬಂದು ಅದೇ ಹೊಲದಲ್ಲಿ ಸೊಪ್ಪು ಕಿತ್ತವರು ಅದರ ಅಕ್ಷರಗಳನ್ನು ಓದುತ್ತ, ನೂಲು ಬಿಚ್ಚುವ ಮನೆಯವರು ಆ ದರಕ್ಕೆ ಎಷ್ಟು ನೂಲು ಬರಬೇಕೆಂದು ಹೇಳುತ್ತ, ಕಿತ್ತ ಸೊಪ್ಪಿನ ಕೂಲಿ ಮೊತ್ತದ ಎಷ್ಟನೆಯ ಪಾಲಾಯಿತೆಂದು ಎಲ್ಲರೂ ಸೇರಿ ಭಾಗಿಸತೊಡಗಿದಾಗ ಹೊಸ ಗುಂಪಿನ ಮೊದಲ ಪಾಠ ಆರಂಭವಾಗಿರುತ್ತದೆ.